ಗರಗಸ, ಬೂಟು ಮತ್ತು ಬಲೆ ಇರೋ ಟೋಪಿ

"ಏನ್ರೀ ಇದು, ಆಫೀಸು ಬಿಟ್ಟು ಮರ ಕಡಿಯೋ ಕಾಂಟ್ರಾಕ್ಟ್ ಏನಾದ್ರೂ ಹಿಡಿದ್ರಾ?"

ಹೋದ ತಿಂಗಳ ಕ್ರೆಡಿಟ್ ಕಾರ್ಡ್ ಬಿಲ್ಲು ನೋಡಿ ನನ್ನ ಹೆಂಡತಿ ಕೇಳಿದ ಪ್ರಶ್ನೆ ಇದು. ಕೇಳಿದ್ದರಲ್ಲಿ ತಪ್ಪೇನಿಲ್ಲ ಬಿಡಿ. ಡೆಟ್ರಾಯಿಟ್ ಪಕ್ಕದ ಈ ಊರಿಗೆ ಬಂದು ಹದಿನೆಂಟು ವರ್ಷ ಆಯ್ತು, ಅವತ್ತಿಂದ ಇವತ್ತಿನವರೆಗೂ ಕೀಬೋರ್ಡ್ ಕುಟ್ಟಿಕೊಂಡೇ ಹೊಟ್ಟೆ ಹೊರೆದವನು ನಾನು. ನನ್ನ ಖರೀದಿ ಅಂದ್ರೆ ಒಂದು ಫೋನು, ಒಂದು ಲ್ಯಾಪ್‌ಟಾಪು, ಇಲ್ಲಾಂದ್ರೆ ಅವುಗಳ ಚಾರ್ಜರು. ಈ ಸಲ ಬಿಲ್ಲಿನಲ್ಲಿ ಮೇಲಿಂದ ಕೆಳಗೆ ಇದ್ದದ್ದು ಚೈನ್ ಸಾ, ಬೂಟು, ಹೆಲ್ಮೆಟ್, ಗ್ಲೌಸು, ಜೊತೆಗೆ 'ಚಾಪ್ಸ್' ಅನ್ನೋ ಒಂದು ವಿಚಿತ್ರ ವಸ್ತು. ಅವಳು ಅದನ್ನ ತಿನ್ನೋ ಚಿಪ್ಸ್ ಅಂತಲೇ ತಿಳಿದು, "ಎಂಬತ್ತೈದು ಡಾಲರಿಗೆ ಚಿಪ್ಸಾ?" ಅಂತ ಇನ್ನೊಂದು ಪ್ರಶ್ನೆ ಹಾಕಿದಳು :-)

ಹೊಸ ಸಾಮಾನು ಕೊಂಡಾಗ ನಾಲ್ಕು ಜನಕ್ಕೆ ಹೇಳದಿದ್ರೆ ಕೊಂಡ ಹಾಗೇ ಅನ್ಸಲ್ಲ ನೋಡಿ. ಹಾಗಾಗಿ ನಿಮ್ಮ ಮುಂದೆ ಗಂಟು ಬಿಚ್ತಾ ಇದ್ದೀನಿ.

ಮೊದಲು ಗ್ಯಾಜೆಟ್ಟುಗಳು, ಅವನ್ನ ಬೇಗ ಮುಗಿಸಿಬಿಡೋಣ. ಒಂದು, ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್. ಮನೆಯಿಂದಲೇ ಕೆಲಸ ಮಾಡೋರಿಗೆ, ಅದೂ ಪಕ್ಕದ ರೂಮಿನಲ್ಲಿ ಮಗ ಡ್ರಮ್ಸ್ ಕಲೀತಿದ್ರೆ, ಇದು ಐಷಾರಾಮ ಅಲ್ಲ, ಔಷಧಿ. ಎರಡು, ತಲೆಗೆ ಕಟ್ಟಿಕೊಳ್ಳೋ ಟಾರ್ಚು. ಮೂವತ್ತೈದು ಡಾಲರಿನ ಈ ವಸ್ತು ಇಷ್ಟು ದಿನ ಇಲ್ಲದೆ ಹೇಗೆ ಬದುಕಿದ್ದೆ ಅಂತ ಆಶ್ಚರ್ಯ ಆಗುತ್ತೆ. ನವೆಂಬರಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ ಇಲ್ಲಿ ಐದೂವರೆಗೆಲ್ಲ ಕತ್ತಲು. ಕಸದ ಡಬ್ಬಿ ರಸ್ತೆಗೆ ಇಡೋದಕ್ಕೂ ಬೆಳಕು ಬೇಕು.

ಮೂರನೆಯದು ಪವರ್ ಸ್ಟೇಷನ್, ಅಂದ್ರೆ ಒಂದು ದೊಡ್ಡ ಬ್ಯಾಟರಿ ಡಬ್ಬ. 2023ರ ಫೆಬ್ರವರಿಯಲ್ಲಿ ಇಲ್ಲಿ ಐಸ್ ಸ್ಟಾರ್ಮ್ ಬಂದು ಲಕ್ಷಾಂತರ ಮನೆಗಳಿಗೆ ಕರೆಂಟು ಹೋಗಿತ್ತು. ಮರದ ಕೊಂಬೆಗಳಿಗೆಲ್ಲ ಗಾಜು ಎರಕ ಹೊಯ್ದ ಹಾಗೆ ಮಂಜುಗಡ್ಡೆ ಕೂತು, ಭಾರಕ್ಕೆ ಮುರಿದು ತಂತಿ ಮೇಲೆ ಬೀಳ್ತಿದ್ವು. ಅವತ್ತಿಂದ ಮನಸ್ಸಿನಲ್ಲಿದ್ದದ್ದನ್ನ ಈಗ ಕೊಂಡೆ. ಆದ್ರೆ ಸತ್ಯ ಹೇಳ್ತೀನಿ, ಒಂದು ಕಿಲೋವ್ಯಾಟ್ ಅವರ್ ಡಬ್ಬ ಫ್ರಿಜ್ಜನ್ನ ಅರ್ಧ ದಿನ ತಳ್ಳಬಹುದು, ಫೋನುಗಳಿಗೆ ಧಾರಾಳ. ಮನೆ ಬೆಚ್ಚಗಿಡೋ ಫರ್ನೇಸ್ ಗ್ಯಾಸಿನದ್ದೇ ಆದರೂ ಅದರ ಫ್ಯಾನು ತಿರುಗೋಕೆ ಕರೆಂಟು ಬೇಕು, ಆ ಫ್ಯಾನು ಈ ಡಬ್ಬವನ್ನ ಎರಡು ಗಂಟೆಯಲ್ಲಿ ಕುಡಿದು ಮುಗಿಸುತ್ತೆ. ಚಳಿಗೆ ಅಂತ ಇದನ್ನ ಕೊಳ್ಳೋರಿದ್ರೆ ಎರಡು ಸಲ ಯೋಚಿಸಿ.

ಇನ್ನು ಗರಗಸಕ್ಕೆ ಬರ್ತೀನಿ.

ನಮ್ಮ ಹಿತ್ತಲಲ್ಲಿ ಒಂದು ಆಶ್ ಮರ ಇತ್ತು. ಬೇಸ್‌ಬಾಲ್ ಬ್ಯಾಟು ಮಾಡ್ತಾರಲ್ಲ, ಆ ಜಾತಿಯದು. ಮಿಶಿಗನ್ನಿನವರಿಗೆ ಆಶ್ ಅಂದ್ರೆ ಒಂದು ದುಃಖದ ಕತೆ. ಎಮರಾಲ್ಡ್ ಆಶ್ ಬೋರರ್ ಅಂತ ಒಂದು ಹುಳ, ಅರ್ಧ ಇಂಚು ಉದ್ದ, ನಮ್ಮೂರ ಕಡೆ ಹೊಳೆಯೋ ಹಸಿರು ಜೀರಿಂಬೆ ನೋಡಿದೀರಲ್ಲ, ಹಾಗೇ ಪಳಪಳ ಅನ್ನುತ್ತೆ. ಏಷ್ಯಾದಿಂದ ಸಾಮಾನು ಪ್ಯಾಕ್ ಮಾಡಿ ಬಂದ ಮರದ ಪೆಟ್ಟಿಗೆಗಳಲ್ಲಿ ಬಂದಿರಬೇಕು ಅಂತಾರೆ. 2002ರಲ್ಲಿ ಅಮೆರಿಕದಲ್ಲಿ ಮೊದಲು ಕಂಡದ್ದು ಇಲ್ಲೇ, ಡೆಟ್ರಾಯಿಟ್ ಸುತ್ತಮುತ್ತ. ದೊಡ್ಡ ಹುಳ ಎಲೆ ತಿಂದ್ರೆ ಮರಕ್ಕೆ ಏನೂ ಆಗಲ್ಲ. ಅದರ ಮರಿ ತೊಗಟೆಯ ಕೆಳಗೆ ಹಾವು ಹರಿದ ಹಾಗೆ ಸುರಂಗ ಕೊರೆಯುತ್ತೆ. ಮರದ ನೀರು, ಆಹಾರ ಓಡಾಡೋ ದಾರಿಯೇ ಕಡಿದು ಹೋಗುತ್ತೆ. ಕೆಲವೇ ವರ್ಷದಲ್ಲಿ ಮರ ನಿಂತಲ್ಲೇ ಸಾಯುತ್ತೆ. ಅಂದಿನಿಂದ ಇಂದಿನವರೆಗೆ ಈ ಖಂಡದಲ್ಲಿ ಕೋಟಿಗಟ್ಟಲೆ ಆಶ್ ಮರ ಸತ್ತಿವೆ. ಸೌದೆಯನ್ನ ಒಂದು ಊರಿಂದ ಇನ್ನೊಂದು ಊರಿಗೆ ಸಾಗಿಸಬೇಡಿ ಅಂತ ಕ್ಯಾಂಪಿಂಗ್ ಜಾಗದಲ್ಲೆಲ್ಲ ಬೋರ್ಡು ಹಾಕಿರೋದು ಇದಕ್ಕೇ.

ನಮ್ಮ ಮರ ಇಷ್ಟು ವರ್ಷ ಹೇಗೋ ಬದುಕಿತ್ತು. ಹೋದ ವರ್ಷ ತುದಿಯಲ್ಲಿ ಎಲೆ ಬರಲಿಲ್ಲ. ಈ ವರ್ಷ ತೊಗಟೆ ಮೇಲೆ ಪುಟ್ಟ ಪುಟ್ಟ ತೂತು ಕಂಡ್ವು. ದುಂಡಗಿರಲಿಲ್ಲ, ಇಂಗ್ಲಿಷ್ ಡಿ ಅಕ್ಷರ ಬರೆದ ಹಾಗೆ ಒಂದು ಕಡೆ ಚಪ್ಪಟೆ. ಅದೇ ಆ ಹುಳದ ಸಹಿ. ಮರ ವಾಲಿದ್ದು ಪಕ್ಕದ ಮನೆಯ ಬೇಲಿ ಕಡೆಗೆ. ಸತ್ತ ಆಶ್ ಹಪ್ಪಳದ ಹಾಗೆ, ಯಾವಾಗ ಎಲ್ಲಿ ಮುರಿಯುತ್ತೋ ಹೇಳೋಕಾಗಲ್ಲ. ಅದನ್ನ ನಾನೇ ಉರುಳಿಸ್ತೀನಿ ಅನ್ನೋ ಹುಂಬತನ ನನಗಿರಲಿಲ್ಲ, ಒಂದು ಕಂಪನಿಯವರನ್ನ ಕರೆಸಿದೆ. ಅವರು ಎರಡು ರೇಟು ಹೇಳಿದ್ರು. ಮರ ಇಳಿಸಿ ಅಲ್ಲೇ ಬಿಟ್ಟು ಹೋದ್ರೆ ಒಂದು ರೇಟು, ತುಂಡು ಮಾಡಿ ಸಾಗಿಸಿದ್ರೆ ಇನ್ನೊಂದು. ಎರಡರ ಮಧ್ಯೆ ಏಳ್ನೂರು ಡಾಲರ್ ವ್ಯತ್ಯಾಸ! ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವನಿಗೆ ನೆಲದ ಮೇಲೆ ಬಿದ್ದ ಮರ ತುಂಡು ಮಾಡೋಕೆ ಏಳ್ನೂರು ಡಾಲರ್ ಕೊಡೋಕೆ ಮನಸ್ಸು ಬರುತ್ತಾ, ನೀವೇ ಹೇಳಿ?

ಹೀಗೆ ಇನ್ನೂರ ಇಪ್ಪತ್ತು ಡಾಲರಿಗೆ ಬ್ಯಾಟರಿ ಚೈನ್ ಸಾ ಬಂತು. ಪೆಟ್ರೋಲಿನದ್ದು ಯಾಕೆ ಬೇಡ ಅಂದ್ರೆ, ವರ್ಷಕ್ಕೆ ಎರಡು ಸಲ ಉಪಯೋಗಿಸೋ ಯಂತ್ರದ ಕಾರ್ಬುರೇಟರ್ ಕಟ್ಟಿಕೊಂಡು, ಹಗ್ಗ ಎಳೆದು ಎಳೆದು ಭುಜ ಕಳಚಿಕೊಳ್ಳೋ ವಯಸ್ಸು ನನ್ನದಲ್ಲ. ಬ್ಯಾಟರಿಯದ್ದು ಗುಂಡಿ ಒತ್ತಿದ್ರೆ ಓಡುತ್ತೆ, ಬಿಟ್ಟರೆ ನಿಲ್ಲುತ್ತೆ. ಆದ್ರೆ ಬ್ಯಾಟರಿ ಅಂದ್ರೆ ಆಟಿಕೆ ಅಂದ್ಕೋಬೇಡಿ. ಚೈನು ಸೆಕೆಂಡಿಗೆ ಇಪ್ಪತ್ತು ಮೀಟರಿನ ಹತ್ತಿರ ಹತ್ತಿರ ಓಡುತ್ತೆ. ಪೆಟ್ರೋಲ್ ಬೇಡದಿದ್ರೂ ಚೈನಿಗೆ ಎಣ್ಣೆ ಮಾತ್ರ ಬೇಕೇ ಬೇಕು. ಆ ಎಣ್ಣೆ ರಾತ್ರಿಯೆಲ್ಲ ಸೋರಿ, ನನ್ನ ಗರಾಜಿನಲ್ಲಿ ಹೊಸ ಪವರ್ ಸ್ಟೇಷನ್ನಿನ ರಟ್ಟಿನ ಡಬ್ಬವನ್ನ ಎಣ್ಣೆಗಾಯಿ ಮಾಡಿ ಇಟ್ಟಿತ್ತು. ಗರಗಸದ ಕೆಳಗೆ ಒಂದು ಹಳೇ ಟ್ರೇ ಇಡೋದನ್ನ ಮರೀಬೇಡಿ.

ಗರಗಸ ಬಿಲ್ ಮಾಡಿಸೋವಾಗ ಕೌಂಟರಿನಲ್ಲಿದ್ದ ವಯಸ್ಸಾದ ಮನುಷ್ಯ, "ಚಾಪ್ಸ್ ಇದೆಯಾ?" ಅಂತ ಕೇಳಿದ. ಇಲ್ಲ ಅಂದೆ. ಆತ ಏನೂ ಮಾತಾಡಲಿಲ್ಲ. ಕೌಂಟರಿನಿಂದ ಈಚೆ ಬಂದು, ಎಡಗಾಲಿನ ಪ್ಯಾಂಟನ್ನ ಮಂಡಿ ಮೇಲಿನವರೆಗೆ ಎತ್ತಿ ತೋರಿಸಿದ. ತೊಡೆಯ ಕೆಳಭಾಗದಲ್ಲಿ ಒಂದು ಗೇಣುದ್ದ ಗಾಯದ ಗುರುತು, ಉಳುಮೆ ಮಾಡಿದ ಸಾಲಿನ ಹಾಗೆ. ಪ್ಯಾಂಟ್ ಇಳಿಸಿ, ಮೂರನೇ ಸಾಲಿನ ಕೊನೆಯಲ್ಲಿದೆ ನೋಡು ಅಂದ.

ಚಾಪ್ಸ್ ಅಂದ್ರೆ ಪ್ಯಾಂಟಿನ ಮೇಲೆ ಮುಂಭಾಗಕ್ಕೆ ಮಾತ್ರ ಕಟ್ಟಿಕೊಳ್ಳೋ ಏಪ್ರನ್ನು, ಎರಡೂ ಕಾಲಿಗೆ ಬೇರೆ ಬೇರೆ. ಗರಗಸಕ್ಕೆ ಸಿಕ್ಕರೆ ಹರಿಯದ ಗಟ್ಟಿ ಬಟ್ಟೆ ಇರಬೇಕು ಅಂತ ನಾನು ಅಂದ್ಕೊಂಡಿದ್ದೆ. ಅದರ ಯುಕ್ತಿಯೇ ಬೇರೆ. ಹೊರಗಿನ ಬಟ್ಟೆ ಸುಲಭವಾಗಿ ಹರಿಯುತ್ತೆ, ಒಳಗಿರೋ ಉದ್ದುದ್ದ ನೂಲು ಹೊರಗೆ ಎಳೆದು ಬಂದು ಚೈನಿಗೆ ಸುತ್ತಿಕೊಂಡು, ಚೈನು ತಿರುಗಿಸೋ ಹಲ್ಲಿನ ಚಕ್ರಕ್ಕೆ ತುಂಬಿಕೊಂಡು ಅದನ್ನ ಕಟ್ಟಿ ನಿಲ್ಲಿಸುತ್ತೆ. ಸೈಕಲ್ ಚೈನಿಗೆ ಪಂಚೆ ಸಿಕ್ಕಿಕೊಂಡು ಬಿದ್ದ ಅನುಭವ ಇರೋರಿಗೆ ಇದು ಥಟ್ಟಂತ ಅರ್ಥ ಆಗುತ್ತೆ. ಕೆಲವಕ್ಕೆ ಕೆವ್ಲಾರ್ ನೂಲು ಹಾಕ್ತಾರೆ, 1965ರಲ್ಲಿ ಸ್ಟೆಫನಿ ಕ್ವೋಲೆಕ್ ಅನ್ನೋ ವಿಜ್ಞಾನಿ ಡ್ಯೂಪಾಂಟ್ ಕಂಪನಿಯಲ್ಲಿ ಕಂಡುಹಿಡಿದದ್ದು. ಒಂದು ಸಲ ಹರಿದ ಚಾಪ್ಸ್ ಹೊಲಿದು ಹಾಕಿಕೊಳ್ಳೋ ಹಾಗಿಲ್ಲ, ಎಸೀಬೇಕು. ನಾನು ಕೊಂಡದ್ದರ ಲೇಬಲ್ಲಿನಲ್ಲಿ ಇನ್ನೊಂದು ಮಾತಿತ್ತು: ಕರೆಂಟು, ಬ್ಯಾಟರಿಯ ಗರಗಸಗಳ ಎಳೆತ ಬೇರೆ ಥರ, ಅವನ್ನ ನಿಲ್ಲಿಸುತ್ತೆ ಅಂತ ಪೂರ್ತಿ ನಂಬಬೇಡಿ ಅಂತ. ಎಂಬತ್ತೈದು ಡಾಲರ್ ಕೊಟ್ಟ ಮೇಲೆ ಓದಿದ್ದು ಇದು...

ಆಮೇಲೆ ಬೂಟು. ಹೆಬ್ಬೆರಳ ಮೇಲೆ ದಿಮ್ಮಿ ಬಿದ್ರೆ ತಡೆಯೋ ಟೋಪಿ ಅದರೊಳಗೇ ಇರುತ್ತೆ. ಉಕ್ಕಿನದ್ದು ಬೇಡ, ಇಲ್ಲಿನ ಚಳಿಗೆ ಉಕ್ಕು ಐಸ್ ಆಗಿ ಬೆರಳು ಮರಗಟ್ಟುತ್ತೆ, ಕಾಂಪೊಸಿಟ್ ತಗೋ ಅಂದ್ರು. ತಗೊಂಡೆ, ನೂರ ಅರವತ್ತು. ಗ್ಲೌಸು ಕಾರ್‌ಹಾರ್ಟ್ ಕಂಪನಿಯದ್ದು, ಇಪ್ಪತ್ತೈದು. ಈ ಕಂಪನಿ ನಮ್ಮೂರಿನದ್ದೇ ಅನ್ನಿ, 1889ರಲ್ಲಿ ಡೆಟ್ರಾಯಿಟ್‌ನಲ್ಲಿ ರೈಲ್ವೆ ಕೆಲಸಗಾರರಿಗೆ ಬಟ್ಟೆ ಹೊಲಿಯೋಕೆ ಶುರುವಾದದ್ದು, ಈಗಲೂ ಹೆಡ್ ಆಫೀಸು ಪಕ್ಕದ ಡಿಯರ್‌ಬಾರ್ನಿನಲ್ಲಿದೆ. ಈಗ ಅದೇ ಜಾಕೆಟ್ಟನ್ನ ನಮ್ಮ ಆಫೀಸಿನ ಹುಡುಗರು ಕಾಫಿ ಕುಡಿಯೋಕೆ ಹಾಕ್ಕೊಂಡು ಹೋಗ್ತಾರೆ.

ಕೊನೆಗೆ ಹೆಲ್ಮೆಟ್, ಅರವತ್ತು ಡಾಲರ್. ಮುಂದೆ ಮುಖಕ್ಕೆ ಕಪ್ಪು ಬಲೆ, ಎರಡೂ ಪಕ್ಕ ಕಿವಿಗೆ ಮುಚ್ಚಳ. ಮಗ ಕೇಳಿದ, "ಅಪ್ಪಾ, ನಿನ್ನ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನೇ ಇದ್ಯಲ್ಲ, ಅದನ್ನೇ ಹಾಕ್ಕೋ!" ಒಳ್ಳೇ ಪ್ರಶ್ನೆ, ನಾನೂ ಅದನ್ನೇ ಯೋಚಿಸಿದ್ದೆ. ಆದ್ರೆ ಆ ಹೆಡ್‌ಫೋನ್ ಮಾಡೋದು ವಿಮಾನದ ಗುಂಯ್ ಅನ್ನೋ ಒಂದೇ ಸಮನೆ ಸದ್ದಿಗೆ ಎದುರು ಸದ್ದು ಹುಟ್ಟಿಸಿ ಅಳಿಸೋ ಕೆಲಸ. ಗರಗಸದ ಕಿರುಚಾಟದ ಮುಂದೆ ಅದರ ಆಟ ಅಷ್ಟು ನಡೆಯಲ್ಲ, ಕಿವಿ ಕಾಯ್ತೀನಿ ಅಂತ ಅದು ಮಾತು ಕೊಟ್ಟೂ ಇಲ್ಲ. ಇಲ್ಲಿಯ ನಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಪ್ರತಿ 3 ಡೆಸಿಬಲ್ ಏರಿದ ಹಾಗೆ ಸಮಯ ಅರ್ಧರ್ಧ ಇಳಿಯುತ್ತೆ. ಪೆಟ್ರೋಲ್ ಗರಗಸ 109 ಮುಟ್ಟಿತು ಅನ್ನಿ, ನಿಮ್ಮ ಪಾಲಿಗೆ ಉಳಿಯೋದು ಎರಡು ನಿಮಿಷವೂ ಇಲ್ಲ. ಬ್ಯಾಟರಿಯದ್ದು ಅಷ್ಟು ಜೋರಲ್ಲ, ಆದ್ರೂ ಕಿವಿ ಮುಚ್ಚಿಕೊಂಡೇ ಮಾಡೋ ಕೆಲಸ.

ಕೂಡಿಸಿ ನೋಡಿದ್ರಾ? ಗರಗಸ ಇನ್ನೂರ ಇಪ್ಪತ್ತು, ಗರಗಸದಿಂದ ನನ್ನನ್ನ ಕಾಪಾಡೋ ಸಾಮಾನು ಮುನ್ನೂರ ಮೂವತ್ತು. ಉಳಿಸೋಕೆ ಹೊರಟ ಏಳ್ನೂರರಲ್ಲಿ ಕೈಗೆ ಹತ್ತಿದ್ದು ನೂರೈವತ್ತು. "ಒಳ್ಳೇ ವ್ಯಾಪಾರ," ಅಂದಳು ಹೆಂಡತಿ.

ಶನಿವಾರ ಬೆಳಿಗ್ಗೆ ಇದೆಲ್ಲ ಕಟ್ಟಿಕೊಂಡು ಹಿತ್ತಲಿಗಿಳಿದಾಗ ಚಂದ್ರನ ಮೇಲೆ ಕಾಲಿಟ್ಟವನ ಹಾಗೆ ಇದ್ದೆ. ಮಗ ಫೋಟೋ ತೆಗೆದ. ಮೊದಲ ಒಂದು ಗಂಟೆ ಬಹಳ ಚೆನ್ನಾಗಿ ಹೋಯ್ತು, ಒಣಗಿದ ಆಶ್ ಬೆಣ್ಣೆ ಕತ್ತರಿಸಿದ ಹಾಗೆ ತುಂಡಾಗ್ತಿತ್ತು. ಗರಗಸದ ತುದಿಯ ಮೇಲ್ಭಾಗ ಯಾವುದಕ್ಕೂ ತಾಗಬಾರದು, ತಾಗಿದ್ರೆ ಅದು ಮುಖದ ಕಡೆಗೆ ಎಗರುತ್ತೆ ಅಂತ ಓದಿಕೊಂಡಿದ್ದೆ, ಅದರ ಮೇಲೇ ನನ್ನ ಕಣ್ಣು. ಕೆಟ್ಟದ್ದು ಬಂದದ್ದು ಇನ್ನೊಂದು ದಾರಿಯಿಂದ. ಹನ್ನೊಂದು ಗಂಟೆ ಇರಬಹುದು, ಕೈ ಸೋತಿತ್ತು. ದಿಮ್ಮಿ ಪೂರ್ತಿ ತುಂಡಾದಾಗ ಗರಗಸಕ್ಕೆ ಆಧಾರ ತಪ್ಪಿ, ಅದು ತನ್ನ ಭಾರಕ್ಕೆ ತಾನೇ ಕೆಳಗೆ ತೂಗಿ ನನ್ನ ಎಡಗಾಲಿನ ಕಡೆ ಬಂತು. ಗುಂಡಿ ಬಿಟ್ಟಿದ್ದೆ, ಚೈನು ನಿಲ್ಲೋದರಲ್ಲಿತ್ತು. ಪೂರ್ತಿ ನಿಂತಿರಲಿಲ್ಲ.

ನೋವೇನೂ ಆಗಲಿಲ್ಲ. ಯಾರೋ ಪ್ಯಾಂಟು ಹಿಡಿದು ಜಗ್ಗಿದ ಹಾಗಾಯ್ತು, ಅಷ್ಟೇ. ಬಗ್ಗಿ ನೋಡಿದ್ರೆ ಮಂಡಿಯ ಮೇಲೆ ಚಾಪ್ಸ್ ನಾಲ್ಕು ಬೆರಳಗಲ ಬಾಯಿ ಬಿಟ್ಟಿದೆ. ಒಳಗಿಂದ ಬಿಳೀ ನೂಲು ಎಳನೀರಿನ ನಾರಿನ ಹಾಗೆ ಹೊರಗೆ ಬಂದು ಚೈನಿಗೆ ಸುತ್ತಿಕೊಂಡಿದೆ. ಒಳಗಿನ ಪದರ, ಅದರ ಒಳಗಿನ ಪ್ಯಾಂಟು, ಅದರ ಒಳಗಿನ ನಾನು, ಎಲ್ಲ ಇದ್ದ ಹಾಗೇ ಇದ್ವಿ. ಬ್ಯಾಟರಿ ತೆಗೆದಿಟ್ಟು ದಿಮ್ಮಿ ಮೇಲೆ ಕೂತೆ. ಕೈ ನಡುಗೋದು ನಿಲ್ಲೋಕೆ ಬಹಳ ಹೊತ್ತು ಬೇಕಾಯ್ತು. ಕೌಂಟರಿನ ಆ ಮನುಷ್ಯನ ಗಾಯ ಇದ್ದದ್ದೂ ಸರಿಯಾಗಿ ಅದೇ ಜಾಗದಲ್ಲಿ.

ಹೆಂಡತಿಗೆ ಅವತ್ತು ಹೇಳಲಿಲ್ಲ. ಇದನ್ನ ಓದಿಯೇ ಅವಳಿಗೆ ಗೊತ್ತಾಗೋದು.

ದಿಮ್ಮಿ ಮೇಲೆ ಕೂತಾಗ ನೆನಪಾದದ್ದು ಶಿರಸಿ ಕಡೆಯ ನಮ್ಮನೆ ತೋಟ, ನಮ್ಮ ಹಳೇ ಕೊನೆಗೌಡ. ಅಡಿಕೆ ಮರ ಹತ್ತಿ ಕೊನೆ ಕೊಯ್ಯೋನಿಗೆ ನಮ್ಮ ಕಡೆ ಕೊನೆಗೌಡ ಅಂತಾರೆ. ಐವತ್ತು ಅರವತ್ತು ಅಡಿ ಎತ್ತರದ, ತೊಡೆಗಿಂತ ಸಣ್ಣ ಮರ. ಕಾಲಿಗೊಂದು ತಳೆ, ಸೊಂಟಕ್ಕೊಂದು ಕತ್ತಿ, ತಲೆಗೆ ಹಾಳೆಟೊಪ್ಪಿ. ಅವನ ಸೇಫ್ಟಿ ಗೇರು ಅಷ್ಟೇ, ಅದರಲ್ಲಿ ಹಾಳೆಟೊಪ್ಪಿಯಂತೂ ಅಡಿಕೆ ಮರವೇ ಉದುರಿಸಿದ್ದು. ಒಂದು ಮರ ಮುಗಿದ ಮೇಲೆ ಅವನು ಕೆಳಗಿಳಿಯಲ್ಲ. ಮೇಲಿಂದಲೇ ಮರ ತೂಗಿ, ಪಕ್ಕದ ಮರ ಹಿಡಿದು ದಾಟ್ತಾನೆ. ಚಿಕ್ಕವರಿದ್ದಾಗ ಬಾಯಿ ಬಿಟ್ಕೊಂಡು ನೋಡ್ತಿದ್ವಿ, ಸರ್ಕಸ್ಸಿಗೆ ಟಿಕೆಟ್ಟಿಲ್ಲದ ಹಾಗೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಮಳೆಗಾಲದಲ್ಲಿ, ಕೊಳೆರೋಗಕ್ಕೆ ಎರಡನೇ ಸಲ ಮದ್ದು ಹೊಡೆಯೋವಾಗ ಅವನು ಬಿದ್ದ. ಕೊನೆಗೆ ಬೋರ್ಡೋ ದ್ರಾವಣ ಹೊಡೀಬೇಕಾದದ್ದು ಮರ ಪಾಚಿಗಟ್ಟಿ ಜಾರೋ ಆ ಕಾಲದಲ್ಲೇ ನೋಡಿ. ಕಂಬಳಿಯಲ್ಲಿ ಹೊತ್ತುಕೊಂಡು ರಸ್ತೆವರೆಗೆ ಹೋದ್ರು, ಜೀಪಿನಲ್ಲಿ ಶಿರಸಿಗೆ, ಅಲ್ಲಿಂದ ಹುಬ್ಬಳ್ಳಿಗೆ. ಜೀವ ಉಳೀತು, ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಆಮೇಲೆ ಅವನು ಸುಗ್ಗಿಯಲ್ಲಿ ನಮ್ಮ ಅಂಗಳದ ಚಪ್ಪರದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲೀತಿದ್ದ. ಅಪ್ಪಯ್ಯ ಅವನಿಗೆ ಏನೋ ಕೊಟ್ಟಿದ್ದ. ಎಷ್ಟು ಅಂತ ನಾನು ಇವತ್ತಿನವರೆಗೂ ಕೇಳಿಲ್ಲ. ಕೇಳೋಕೆ ಧೈರ್ಯ ಇಲ್ಲ ಅನ್ನೋದು ಸರಿ.

ಈಗ ಅವನ ಮಗ ಕೊನೆಗೌಡ. ನಾಲ್ಕು ವರ್ಷದ ಹಿಂದೆ ಊರಿಗೆ ಹೋಗೋವಾಗ ಒಂದು ಸೇಫ್ಟಿ ಹಾರ್ನೆಸ್ ಕೊಂಡು ಹೋಗಿದ್ದೆ, ಮರ ಹತ್ತೋರು ಸೊಂಟಕ್ಕೆ ತೊಡೆಗೆ ಬಿಗಿದುಕೊಳ್ಳೋ ಪಟ್ಟಿ. ದೊಡ್ಡ ಉಪಕಾರ ಮಾಡಿದವನ ಹಾಗೆ ಅದನ್ನ ಅವನ ಕೈಗೆ ಕೊಟ್ಟೆ. ಅವನು ಹಾಕಿಕೊಂಡ, ಒಂದು ಮರ ಹತ್ತಿದ, ಇಳಿದ. "ಚಲೋ ಅದೆ ಸಣ್ಣ ಹೆಗಡೇರೆ, ಆದ್ರೆ ಇದನ್ನ ಕಟ್ಕಂಡು ಮರದಿಂದ ಮರಕ್ಕೆ ದಾಟೂದು ಹ್ಯಾಂಗೆ?" ಅಂದ. ಪ್ರತಿ ಮರ ಹತ್ತಿ ಇಳಿದ್ರೆ ದಿನಕ್ಕೆ ಕೊಯ್ಯೋದು ಅರ್ಧ, ಸಿಗೋದೂ ಅರ್ಧ. ಅಪ್ಪಯ್ಯ ಜಗಲಿಯಿಂದಲೇ, "ತಮಾ, ಅದೆಲ್ಲ ಇಲ್ಲಿ ನಡೀತಿಲ್ಲೆ," ಅಂದ. ಹಾರ್ನೆಸ್ ಈಗ ಅಟ್ಟದ ಮೇಲೆ ನೇತಾಡ್ತಿದೆ. ಹೋದ ಸಲ ನೋಡಿದಾಗ ಆಯಿ ಅದಕ್ಕೆ ಬೆಳ್ಳುಳ್ಳಿ ಗೊಂಚಲು ಕಟ್ಟಿದ್ದಳು.

ಊರಿನವರಿಗೆ ಬೇಕಾದದ್ದನ್ನ ಊರಿನವರೇ ಹುಡುಕಿಕೊಳ್ತಾರೆ ಅನ್ನಿ. ಬಂಟ್ವಾಳ ಕಡೆಯ ಗಣಪತಿ ಭಟ್ಟರು ಅಡಿಕೆ ಮರ ಏರೋ ಬೈಕು ಮಾಡಿ 2019ರಲ್ಲಿ ಎಲ್ಲರ ಫೋನಿಗೂ ಬಂದಿದ್ರಲ್ಲ, ನೆನಪಿದ್ಯಾ? ನಮ್ಮಲ್ಲಿಗೆ ಬಂದದ್ದು ದೋಟಿ. ಕಾರ್ಬನ್ ಫೈಬರಿನದು, ಒಂದರೊಳಗೊಂದು ಸೇರೋ ಕೊಳವೆ, ಎಳೆದರೆ ಅಡಿಕೆ ಮರದ ತುದಿ ಮುಟ್ಟುತ್ತೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಮದ್ದೂ ಹೊಡೀಬಹುದು. ಎರಡು ವರ್ಷದ ಹಿಂದೆ ಅಪ್ಪಯ್ಯ ಪಕ್ಕದ ಮನೆಯವರ ಜೊತೆ ಪಾಲು ಹಾಕಿ ತಂದ. ಈಗ ಕೊನೆಗೌಡನ ಮಗ ಮರ ಹತ್ತೋದು ಅಪರೂಪ. ನಾನು ಹೇಳಿದ್ದು ಒಂದೇ, ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತೆ, ತೋಟದ ಮೇಲೆ ಲೈನು ಹೋದ ಕಡೆ ಅದನ್ನ ಎತ್ತಲೇಬೇಡಿ, ರಬ್ಬರ್ ಗ್ಲೌಸು ಇದೆ ಅಂತ ನಂಬಬೇಡಿ ಅಂತ. ದೋಟಿ ಇರೋ ಮನೆಯವರು ಯಾರಾದ್ರೂ ಇದನ್ನ ಓದ್ತಿದ್ರೆ ನಿಮಗೂ ಇದೇ ಮಾತು. ಮರದಿಂದ ಬೀಳೋದು ತಪ್ಪಿಸೋಕೆ ಹೋಗಿ ಲೈನು ಮುಟ್ಟಿದವರು ಇದ್ದಾರೆ.

ಹೋದ ವಾರ ಇಲ್ಲಿ ರಾತ್ರಿ ಹತ್ತೂವರೆ, ಅಲ್ಲಿ ಬೆಳಿಗ್ಗೆ ಒಂಬತ್ತು. ಕೊನೆಕೊಯ್ಲು ನಡೀತಿದೆ ಅಂತ ಅಪ್ಪಯ್ಯ ತೋಟದಿಂದಲೇ ವೀಡಿಯೋ ಕಾಲ್ ಮಾಡಿದ. ಕೊನೆಗೌಡನ ಮಗ ಕತ್ತು ಹಿಂದಕ್ಕೆ ವಾಲಿಸಿ ದೋಟಿ ಹಿಡಿದಿದ್ದ, ಒಂದು ಕಣ್ಣು ಕೆಂಪಗಾಗಿತ್ತು. ದೋಟಿಯ ಕಷ್ಟ ಇದೇ ಅಂತೆ. ದಿನವೆಲ್ಲ ಮೇಲೆ ನೋಡ್ತಾ ನಿಂತವನ ಮುಖದ ಮೇಲೆ ಧೂಳು, ಕಸ, ಇರುವೆ, ನಡುವೆ ಒಂದೊಂದು ಉದುರು ಅಡಿಕೆ. ಕೂಲಿಂಗ್ ಗ್ಲಾಸ್ ಹಾಕಿ ನೋಡಿದನಂತೆ, ಬೆವರಿಗೆ ಮಂಜು ಕಟ್ಟುತ್ತೆ.

ನಾನು ಎದ್ದು ಗರಾಜಿಗೆ ಹೋದೆ. ಹೆಲ್ಮೆಟ್ ತಲೆಗೆ ಹಾಕಿ, ಬಲೆ ಇಳಿಸಿ, ಫೋನಿನ ಮುಂದೆ ನಿಂತೆ. ಅಲ್ಲಿ ಎಲ್ಲರೂ ನಕ್ಕರು, ಅಪ್ಪಯ್ಯನಂತೂ ಯಕ್ಷಗಾನದ ವೇಷ ಅಂದ. ಕೊನೆಗೌಡನ ಮಗ ಮಾತ್ರ ನಗಲಿಲ್ಲ. ಫೋನಿನ ಹತ್ತಿರ ಬಂದು, "ಆ ಬಲೆ ಎತ್ತೂಕೆ ಬರ್ತದ್ಯಾ?" ಅಂತ ಕೇಳಿದ. ಎತ್ತಿ ತೋರಿಸಿದೆ. ಕಿವಿ ಮುಚ್ಚಳ ತೆಗೀಬಹುದಾ ಅಂದ, ತೆಗೆದು ತೋರಿಸಿದೆ. ಕತ್ತು ಹಿಂದೆ ವಾಲಿಸಿದ್ರೆ ಬಿದ್ದು ಹೋಗುತ್ತಾ ಅಂದ. ಅಡುಗೆಮನೆಯ ಲೈಟು ನೋಡ್ತಾ ಮೂರು ನಿಮಿಷ ನಿಂತೆ. ಬೀಳಲಿಲ್ಲ, ಹಿಂದೆ ಬಿಗಿ ಮಾಡೋ ತಿರುಪು ಇದೆ. ಕತ್ತು ಮಾತ್ರ ನೋಯ್ತು, ಅದಕ್ಕೆ ಈ ಹೆಲ್ಮೆಟ್ಟಿನಲ್ಲಿ ಮದ್ದಿಲ್ಲ ಅಂತ ಅದನ್ನೂ ಹೇಳಿದೆ.

"ಹಂಗಾರೆ ಅಂಥದ್ದೊಂದು ತನ್ನಿ ಸಣ್ಣ ಹೆಗಡೇರೆ," ಅಂದ. "ಹೋದ ಸಲದ ಪಟ್ಟಿ ಬ್ಯಾಡ."

ಈ ತಿಂಗಳ ಬಿಲ್ಲಿನಲ್ಲಿ ಎರಡು ಸಾಮಾನಿದೆ, ನನಗೊಂದು ಹೊಸ ಚಾಪ್ಸ್, ಅವನಿಗೊಂದು ಹೆಲ್ಮೆಟ್. ಡಿಸೆಂಬರ್ ಇಪ್ಪತ್ತಕ್ಕೆ ಟಿಕೆಟ್ಟು. ಸೂಟ್‌ಕೇಸಿನಲ್ಲಿ ಅಷ್ಟು ದೊಡ್ಡ ವಸ್ತುವಿನ ಒಳಗೆ ಜಾಗ ಸುಮ್ಮನೆ ಹಾಳಾಗಬಾರದು ಅಂತ ಹೆಂಡತಿ ಅದರ ಹೊಟ್ಟೆಗೆ ಆಯಿಗೆ ಅಂತ ಎರಡು ಕಿಲೋ ಬಾದಾಮಿ ತುಂಬಿ ಇಟ್ಟಿದ್ದಾಳೆ.